ಶೆಟ್ಟಿ ಅಂಕಲ್ ಪೇಪರಿನ ಮೇಲೆ ಚಿಂಟಿ

ಮೊನ್ನೆ ಬೆಳಗ್ಗೆ ಎಂದಿನಂತೆ ಹಾಲಿನ ಪ್ಯಾಕೆಟ್ ಒಳಗಿಟ್ಟು, ನಮ್ಮ ಮೂರು ತಿಂಗಳ ನಾಯಿಮರಿ ಚಿಂಟಿಯನ್ನು ಕೆಳಗೆ ಕರೆದೊಯ್ದೆ. ಅರ್ಧ ಗಂಟೆ ಸುತ್ತಿಸಿದರೂ ಅದು ಉಚ್ಚೆ ಮಾಡಲಿಲ್ಲ. ಮಾಡುವುದಾದರೂ ಹೇಗೆ? ಚೆಂಬೂರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ತಿಂಗಳಿಡೀ ಹಳೆಯ ಪೇಪರ್ ಹಾಸಿ, ಅದರ ಮೇಲೆ ಮಾಡಿದಾಗಲೆಲ್ಲ "ಜಾಣೆ!" ಎಂದು ಬಿಸ್ಕೆಟ್ ಕೊಟ್ಟು ಕಲಿಸಿದವಳು ನಾನೇ.

ವಾಪಸು ಬಂದು ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಚಿಂಟಿ ಓಡಿ ಎದುರುಮನೆಯ ಶೆಟ್ಟಿ ಅಂಕಲ್ ಬಾಗಿಲಲ್ಲಿದ್ದ ಆ ದಿನದ ಪೇಪರಿನ ಮೇಲೆ ಕುಳಿತೇಬಿಟ್ಟಿತು. ನನ್ನ ಬಾಯಿಂದ ತಾನಾಗಿಯೇ "ಜಾಣೆ!" ಬಂತು. ಕೈ ಬಿಸ್ಕೆಟನ್ನೂ ಕೊಟ್ಟಾಗಿತ್ತು. ಮರಿಗಿಂತ ನಾನೇ ಚೆನ್ನಾಗಿ ಪಳಗಿದ್ದೆ!

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಂಕಲ್ ಕೈಯಲ್ಲಿ ಕಾಫಿ ಲೋಟ, ಕನ್ನಡಕ ಆಗಲೇ ಮೂಗಿನ ಮೇಲೆ.

"ನನ್ನ ಪೇಪರ್ ಒದ್ದೆ ಮಾಡಿದ್ದಕ್ಕೆ ಬಹುಮಾನ ಬೇರೆಯಾ ಮಾರಾಯ್ತಿ?"

ಬಿಲ್ಡಿಂಗಿನಲ್ಲಿ ಒಂದೇ ಒಂದು ದೂರು ಬಂದರೂ ಮರಿಯನ್ನು ವಾಪಸು ಕೊಡುವುದೆಂದು ನಮ್ಮ ಯಜಮಾನರು ಮೊದಲೇ ಹೇಳಿದ್ದರು. ಅಂಕಲ್ಲೋ ಬಿಲ್ಡಿಂಗಿನ ಸೆಕ್ರೆಟರಿ. ನೆಲ ಒರೆಸಿ, ಬೇರೆ ಪೇಪರ್ ತಂದುಕೊಟ್ಟರೂ ದಿನವಿಡೀ ಎದುರುಮನೆಯ ಬಾಗಿಲಿನ ಸದ್ದಿಗೇ ಕಿವಿಗೊಟ್ಟಿದ್ದೆ.

ಸಂಜೆ ಬೆಲ್ ಆಯಿತು. ಅಂಕಲ್ ಹಳೆಯ ಪೇಪರಿನ ಕಟ್ಟೊಂದನ್ನು ನನ್ನ ಕೈಗಿತ್ತು, ಲಿಫ್ಟಿನ ಕಡೆ ತಿರುಗುತ್ತ ಹೇಳಿದರು: "ನಾಳೆಯಿಂದ ಒಂದೊಂದು ಹಾಳೆ ಕೆಳಗೆ ಮಣ್ಣಿನ ಮೇಲೆ ಹಾಸು, ಅಲ್ಲೇ ಕಲೀತದೆ. ಅದಕ್ಕೇನು ತಾಜಾ ಸುದ್ದಿಯೇ ಆಗಬೇಕು ಅಂತ ಇಲ್ಲ ಅಲ್ವಾ?"