ಸಿಡೊನಿ ಕರೆದಳು

ಸಿಡೊನಿಗೆ ಆರು ವರ್ಷವಾಗಿದ್ದಾಗ ಊರ ಚರ್ಚಿಗೆ ಹೊಸ ಗಂಟೆ ಬಂತು. ಮಗುವಿಗೆ ಮಾಡುವಂತೆ ಗಂಟೆಗೂ ಜ್ಞಾನಸ್ನಾನ ಮಾಡಿಸಿ, ಬಿಳಿ ಕಸೂತಿ ಬಟ್ಟೆ ಉಡಿಸಿ, ತಾಯಿಯ ಸ್ಥಾನದಲ್ಲಿ ನಿಲ್ಲುವ ಜ್ಞಾನತಾಯಿಯ ಹೆಸರನ್ನೇ ಇಡುವುದು ಜುರಾ ಬೆಟ್ಟದ ಆ ಊರಿನ ಪದ್ಧತಿ. ಗಂಟೆ ಮಾಡಿಸಿಕೊಟ್ಟವನ ಮಗಳೆಂದು ಸಿಡೊನಿಯೇ ಜ್ಞಾನತಾಯಿಯಾದಳು. ಅಜ್ಜಿಯ ಹೆಸರು ಮೊಮ್ಮಗಳಿಗೆ ಬಂದಿತ್ತು, ಮೊಮ್ಮಗಳದು ಗಂಟೆಗೆ ಹೋಯಿತು. ಊರಿಗೆಲ್ಲ ಸಕ್ಕರೆ ಬಾದಾಮಿ ಹಂಚಿದ ಆ ದಿನ ಹುಡುಗಿ ಬೀಗಿದ್ದೇ ಬೀಗಿದ್ದು.

ಆ ಹೆಮ್ಮೆ ಎಷ್ಟು ದಿನ? ಚಳಿಗಾಲದಲ್ಲಿ ಬ್ರೆಡ್ ಸುಡುವ ಮುದುಕ ಸತ್ತ, ಗಂಟೆ ಸಾವು ಸಾರಿತು. "ಸಿಡೊನಿ ಕರೆದ್ಲು" ಎಂದರು ಜನ. ಅಂದಿನಿಂದ ಯಾರು ಸತ್ತರೂ ಅದೇ ಮಾತು. ಊರ ಬಾಯಿಗೆ ಬೀಗ ಹಾಕುವವರಾರು? ಅವಳು ರೋಗಿಗಳಿಗೆಂದು ಸೂಪು ಒಯ್ದರೆ ಪಾತ್ರೆಯನ್ನು ಹೊಸ್ತಿಲಲ್ಲೇ ಇಸಿದುಕೊಂಡು ಕಳಿಸುತ್ತಿದ್ದರು. ಗಂಟೆಯನ್ನು ಮನೆ ತುಂಬಿಸಿಕೊಳ್ಳೋರು ಯಾರಪ್ಪ ಎಂದು ನಕ್ಕರು, ಮದುವೆಯೂ ಆಗಲಿಲ್ಲ. ಕೊನೆಗೆ ಆ ಭಯ ಅವಳಿಗೂ ಅಂಟಿತು. ಕಾಯಿಲೆ ಬಿದ್ದವರನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟುಬಿಟ್ಟಳು.

ಅವಳಿಗೆ ಎಪ್ಪತ್ತು ದಾಟಿದ ಮೇಲೆ ತಂಗಿ ಅದೇಲ್ ಹಾಸಿಗೆ ಹಿಡಿದಳು. ಸಿಡೊನಿಗೆ ತನ್ನವರೆಂದು ಇದ್ದದ್ದು ಅವಳೊಬ್ಬಳೇ. ನೋಡಲು ಹೋದರೆ ಅದೇಲಳ ಸೊಸೆ ಜೆರ್ಮೇನ್ ಬಾಗಿಲಿಗೆ ಅಡ್ಡ ನಿಂತಳು.

"ಬೇಜಾರು ಮಾಡ್ಕೋಬೇಡಿ ದೊಡ್ಡಮ್ಮ. ನಂಗೇನೂ ಇದರಲ್ಲಿ ನಂಬಿಕೆ ಇಲ್ಲ. ಆದ್ರೂ..."

ಒಳಗಿನಿಂದ ಅದೇಲಳ ಬತ್ತಿದ ದನಿ ಬಂತು. "ಬಿಡೇ ಅವಳ್ನ. ಕುತ್ತಿಗೆಗೆ ಗಂಟೆ ಹಗ್ಗ ಕಟ್ಕೊಂಡೇನೂ ಬಂದಿಲ್ಲ ಅವಳು."

ಸಿಡೊನಿ ಪಕ್ಕದಲ್ಲಿ ಕೂತು ತಂಗಿಯ ಕೈ ಹಿಡಿದಳು.

"ಬಂದಾಗಿಂದ ಬರೀ ‘ಏನೇ, ಹೇಗಿದೀಯೇ’ ಅಂತಿದೀಯ," ಎಂದಳು ಅದೇಲ್. "ಚಿಕ್ಕೋರಿದ್ದಾಗ ಹಿತ್ತಲಿಂದ ಕೂಗ್ತಿದ್ಯಲ್ಲ, ಹಾಗೆ ಒಂದ್ಸಲ ನನ್ನ ಹೆಸರು ಹಿಡ್ದು ಕರಿಯೇ ಸಿಡೋ."

"ನೀನು ಮೊದ್ಲು ಹುಷಾರಾಗು. ಆಮೇಲೆ ಕಿವಿ ತೂತು ಬೀಳೋ ಹಾಗೆ ಕರೀತೀನಿ."

"ನೀನೂ ನಂಬಿಬಿಟ್ಯಾ ಅವರ ಮಾತನ್ನ?"

ಕರೆಯದಿದ್ದರೆ ತಂಗಿ ಉಳಿದಾಳು ಎಂಬ ಆಸೆ ಸಿಡೊನಿಗೆ. ನಾಲಿಗೆಯ ತುದಿಗೆ ಬಂದ ಹೆಸರನ್ನು ಮಧ್ಯಾಹ್ನದವರೆಗೂ ನುಂಗುತ್ತಲೇ ಕೂತಳು. ಅದೇಲ್ ಅಕ್ಕನ ಬಾಯನ್ನೇ ನೋಡುತ್ತ ನೋಡುತ್ತ ಕಣ್ಣು ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ಜೆರ್ಮೇನ್ ಚರ್ಚಿಗೆ ಸುದ್ದಿ ಮುಟ್ಟಿಸಿದಳು, ಗೋಪುರದಲ್ಲಿ ಗಂಟೆ ಶುರುವಾಯಿತು. ಬೀದಿಯಲ್ಲಿ ಯಾರೋ ಎಂದಿನಂತೆ "ಸಿಡೊನಿ ಕರೆದ್ಲು" ಎಂದದ್ದು ಕಿಟಕಿಯಿಂದ ಕೇಳಿಸಿತು.

ಆಗ ಸಿಡೊನಿ ಬಾಯಿ ಬಿಟ್ಟಳು. "ಅದೇಲ್, ಅದೇಲ್" ಎಂದು ಕರೆದಳು. ಗಂಟೆಯ ಸದ್ದಿನಲ್ಲಿ ಅದು ಅವಳದೇ ಕಿವಿಗೂ ಬೀಳಲಿಲ್ಲ.