ಪರದೆಯ ಆಚೆ ಈಚೆ ಎರಡು ಬಲ್ಬು

ಇಪ್ಪತ್ತನಾಲ್ಕು ಬಲ್ಬಿಗೆ ಆರು ರೂಪಾಯಿ ಕೊಟ್ಟೆ. ಮೈಸೂರಿನ ಅಂಗಡಿಯಲ್ಲಾಗಿದ್ದರೆ ಅದರ ಮೂರರಷ್ಟು ಬೀಳುತ್ತಿತ್ತು. ಅಗ್ಗಕ್ಕೆ ಕಾರಣವಿತ್ತು. ಕೊಡಗಿನ ಕಾಫಿ ತೋಟವೊಂದರವರು ಹಳೆಯ ಡೈನಮೋ ತೆಗೆದುಹಾಕಿ, ಅದರ ಬಲ್ಬುಗಳನ್ನು ಗಡಿಯ ಕೊಪ್ಪದಲ್ಲಿ ಮಾರಲು ಕಳಿಸಿದ್ದರು. ಅವು ನೂರಹತ್ತು ವೋಲ್ಟಿನವು. ನಮ್ಮ ಹುಣಸೂರಿನ ತಂತಿಯಲ್ಲಿ ಬರುತ್ತಿದ್ದದ್ದು ಇನ್ನೂರಿಪ್ಪತ್ತು. ಬೇರೆ ಯಾರೂ ಮುಟ್ಟಲಿಲ್ಲ, ನಾನು ಮುಟ್ಟಿದೆ. ಎರಡು ಬಲ್ಬನ್ನು ಒಂದರ ಹಿಂದೊಂದು ಕಟ್ಟಿದರೆ ಇನ್ನೂರಿಪ್ಪತ್ತು ಸಮವಾಗಿ ಎರಡು ಪಾಲಾಗುತ್ತದೆ, ಅಣ್ಣತಮ್ಮಂದಿರ ಪಾಲಿಗಿಂತ ಇದು ಸಲೀಸು ಎಂದುಕೊಂಡಿದ್ದೆ.

ಆಗ ನನ್ನ ಕಸುಬು ಮದುವೆಗಳಿಗೆ ಗ್ಯಾಸ್‌ಲೈಟು ಬಾಡಿಗೆ ಕೊಡುವುದು. ಊರಿಗೆ ಕರೆಂಟು ಬಂದ ಮೇಲೆ ಗ್ಯಾಸ್‌ಲೈಟಿನ ಆಯಸ್ಸು ಎಷ್ಟೆಂದು ತಿಳಿಯಲು ಜ್ಯೋತಿಷ ಬೇಕಿರಲಿಲ್ಲ. ಹಾಗಾಗಿ ಮರದ ವ್ಯಾಪಾರಿ ಸಾಹೇಬರೊಬ್ಬರ ಮಗಳ ನಿಕಾಹಿಗೆ, ಚಪ್ಪರಕ್ಕೆಲ್ಲ ಕರೆಂಟು ದೀಪ ಹಾಕುತ್ತೇನೆಂದು ಒಪ್ಪಿಕೊಂಡೆ. ಅದು ಕೆಟ್ಟರೆ ಮುಂದೆ ಊರಲ್ಲಿ ಯಾರೂ ನನ್ನ ಕೈಗೆ ತಂತಿ ಕೊಡುತ್ತಿರಲಿಲ್ಲ. ನನ್ನ ಗ್ಯಾಸ್‌ಲೈಟುಗಳೋ, ಅದೇ ದಿನ ಕಂಪಲಾಪುರದ ಮದುವೆಗೆ ಹೋಗಿದ್ದವು. ಸುಮ್ಮನೆ ಮನೆಯಲ್ಲಿ ಕೂರಿಸಿ ಏನು ಪ್ರಯೋಜನ?

ಚಪ್ಪರದ ನಡುವೆ ಪರದೆ. ಈಚೆ ಗಂಡಸರು, ಆಚೆ ಹೆಂಗಸರು. ಬಲ್ಬುಗಳಲ್ಲಿ ಅರ್ಧ ಅರವತ್ತು ವ್ಯಾಟಿನವು, ಅರ್ಧ ಮೂವತ್ತರವು. ದೊಡ್ಡವು ಮದುಮಗನ ಕಡೆಗೆ, ಚಿಕ್ಕವು ಹೆಂಗಸರ ಕಡೆಗೆ ಎಂದು, ಎಲ್ಲ ಮದುವೆಯಲ್ಲಿ ಮಾಡುವ ಹಾಗೆಯೇ ಹಂಚಿದೆ. ತಂತಿ ಉಳಿಯಲೆಂದು ಈಚೆಯ ಒಂದೊಂದು ದೊಡ್ಡದಕ್ಕೆ ಆಚೆಯ ಒಂದೊಂದು ಚಿಕ್ಕದನ್ನು ಜೋಡಿ ಕಟ್ಟಿದೆ.

ಸಂಜೆ ಸ್ವಿಚ್ಚು ಹಾಕಿದೆ. ಹೆಂಗಸರ ಕಡೆ ಹಾಲು ಚೆಲ್ಲಿದಂತೆ ಬೆಳಕು. ಗಂಡಸರ ಕಡೆಯ ಅರವತ್ತರ ಬಲ್ಬುಗಳು ಕೆಂಪಗೆ ತೂಕಡಿಸುತ್ತಿದ್ದವು.

ಪಿರಿಯಾಪಟ್ಟಣದಿಂದ ಬಂದಿದ್ದ ಗಂಡಿನ ಚಿಕ್ಕಪ್ಪ ತಲೆಯೆತ್ತಿ ನೋಡಿದರು. “ಏನ್ರೀ ಇದು, ಬಾಳೆಗೊನೆ ಹಣ್ಣಿಗೆ ಹಾಕ್ದಂಗೆ ನಮ್ ಹುಡುಗನ್ನ ಕತ್ಲಲ್ಲಿ ಕೂರ್ಸಿದ್ದೀರಲ್ಲಾ?”

ಪರದೆಯ ಆಚೆಯಿಂದ ಹೆಣ್ಣಿನ ಸೋದರತ್ತೆ ಕೂಗಿದರು. “ನಮಗೆ ಚೆಂದಾಗಿ ಅದೆ ಬುಡಿ. ಸೂಜಿಗೆ ದಾರ ಪೋಣಿಸ್ಬೋದು.”

ಅಷ್ಟರಲ್ಲಿ ಅವರ ಕಡೆಯ ಬಲ್ಬೊಂದು ಟಪ್ಪೆಂದು ಸುಟ್ಟುಹೋಯಿತು. ಅದರ ಜೋಡಿಯಾಗಿದ್ದ ಈಚೆಯದೂ ಆರಿತು.

ಸಾಹೇಬರು ನನ್ನನ್ನು ಕಂಬದ ಮರೆಗೆ ಕರೆದರು. “ಖಾಜಿಗಳು ಬರೋ ತನ್ಕ ಟೈಮು ಕಣಪ್ಪಾ. ಆಮೇಲೆ ಸಂತೆಬೀದಿಯೋನ ಗ್ಯಾಸ್‌ಲೈಟು ತರಿಸ್ತೀನಿ. ಬೀಗರ ಮುಂದೆ ನನ್ ಮರ್ಯಾದೆ ಉಳೀಬೇಕು.” ಸಂತೆಬೀದಿಯವನು ಇದೇ ಕಸುಬಿನ ನನ್ನ ಎದುರಾಳಿ. ಕರೆದರೆ ಓಡಿಬರುತ್ತಿದ್ದ, ಕರೆಯದಿದ್ದರೂ ನೋಡಲು ಬರುತ್ತಿದ್ದ.

ಕರೆಂಟಿನ ಓವರ್‌ಸಿಯರು ನನಗೆ ಎರಡು ಭಾಗಾಕಾರ ಹೇಳಿಕೊಟ್ಟಿದ್ದರು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು, ಅಂದರೆ ಹರಿಯುವ ಕರೆಂಟು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮು, ಅಂದರೆ ಬಲ್ಬು ಒಡ್ಡುವ ತಡೆ. ಮೊದಲನೆಯದು ಫ್ಯೂಸು ಹಾಕಲು ಬೇಕಾಗಿತ್ತು, ಬಳಸುತ್ತಿದ್ದೆ. ಓಮಿಗೆ ಯಾರೂ ಬಿಲ್ಲು ಹಾಕುವುದಿಲ್ಲವಾದ್ದರಿಂದ ಎರಡನೆಯದನ್ನು ಮುಟ್ಟಿರಲಿಲ್ಲ. ಈಗ ಇದ್ದಿಲಿನಿಂದ ಒಲೆಗಲ್ಲಿನ ಮೇಲೆ ಎರಡನ್ನೂ ಮಾಡಿದೆ. ಅರವತ್ತರ ಬಲ್ಬು ಅರ್ಧ ಆಂಪಿಯರಿಗಿಂತ ಚೂರು ಹೆಚ್ಚು ಎಳೆಯುತ್ತದೆ. ಅದರ ತಡೆ, ಚಿಲ್ಲರೆ ಬಿಟ್ಟರೆ, ಇನ್ನೂರು ಓಮು. ಮೂವತ್ತರದು ಎಳೆಯುವುದು ಅದರ ಅರ್ಧ, ತಡೆ ನಾನೂರು. ದೊಡ್ಡ ಬಲ್ಬಿಗೆ ತಡೆ ಕಡಿಮೆ! ಜೋಡಿಯಲ್ಲಿ ಹರಿಯುವ ಕರೆಂಟು ಒಂದೇ, ಆದರೆ ತಡೆ ಹೆಚ್ಚಿದ್ದವನಿಗೆ ವೋಲ್ಟು ಹೆಚ್ಚು. ಇನ್ನೂರಿಪ್ಪತ್ತರಲ್ಲಿ ಚಿಕ್ಕದು ನೂರನಲವತ್ತೇಳು ಕಿತ್ತುಕೊಂಡು, ದೊಡ್ಡದಕ್ಕೆ ಎಪ್ಪತ್ತಮೂರು ಬಿಟ್ಟಿತ್ತು. ಇನ್ನೂರಿಪ್ಪತ್ತನ್ನು ಒಟ್ಟು ಆರುನೂರು ಓಮಿನಿಂದ ಭಾಗಿಸಿ, ಸಿಕ್ಕ ಆಂಪಿಯರನ್ನು ಅವರವರ ವೋಲ್ಟಿನಿಂದ ಗುಣಿಸಿದರೆ, ಮೂವತ್ತರದು ಐವತ್ತನಾಲ್ಕು ವ್ಯಾಟು ಉರಿಯುತ್ತಿತ್ತು, ಅರವತ್ತರದು ಇಪ್ಪತ್ತೇಳು.

ತಂತಿಯನ್ನು ಹೊಸದಾಗಿ ಎಳೆಯಲು ಹೊತ್ತಿರಲಿಲ್ಲ. ಬಲ್ಬು ಅದಲುಬದಲು ಮಾಡಬಹುದಿತ್ತು, ಅಷ್ಟೆ.

“ಸರಿ ಮಾಡ್ಬೋದು ಸಾಹೇಬ್ರೇ,” ಎಂದೆ. “ಆದ್ರೆ ಈ ಕಡೆ ಒಂದು ದೊಡ್ಡದು ಇಟ್ರೆ ಆ ಕಡೆನೂ ಒಂದು ದೊಡ್ಡದೇ ಇಡ್ಬೇಕು. ಚಿಕ್ಕದಿಟ್ರೆ ಚಿಕ್ಕದೇ.”

ಗಂಡಿನ ಚಿಕ್ಕಪ್ಪನಿಗೆ ಇದು ಸರಿಬರಲಿಲ್ಲ. “ಅವರಿಗ್ಯಾಕ್ರೀ ಸಮಸಮ? ಹುಡುಗ ಕೂತಿರೋದು ಈ ಕಡೆ ತಾನೇ?”

“ಬ್ಯಾಡ ಅಂದ್ರೆ ಬುಡ್ತೀನಿ ಸ್ವಾಮಿ. ನಿಮ್ ಕಡೆದು ಇಂಗೇ ಇರ್ತದೆ.”

ಅವರು ಇನ್ನೊಮ್ಮೆ ಮೇಲೆ ನೋಡಿ, ಗಡ್ಡ ಸವರಿಕೊಂಡು, “ಆಯ್ತು, ಕೊಟ್ಟು ಸಾಯಿರಿ,” ಎಂದರು.

“ಈ ಲೆಕ್ಕ ಹಾಕ್ದೋರ ಹೊಟ್ಟೆ ತಣ್ಣಗಿರ್ಲಿ,” ಎಂದಿತು ಪರದೆ.

ಮೇನ್ ಸ್ವಿಚ್ಚು ಆರಿಸಿ, ಬಲ್ಬೊಂದು ಸುಟ್ಟಿದ್ದರಿಂದ ಒಂದು ಜೋಡಿಯನ್ನು ಖಾಲಿ ಬಿಟ್ಟು, ಉಳಿದ ಬಲ್ಬು ಬದಲಿಸಿದೆ. ಮತ್ತೆ ಸ್ವಿಚ್ಚು ಹಾಕಿದಾಗ ಎರಡೂ ಕಡೆ ಒಂದೇ ಬೆಳಕು. ಖಾಜಿಗಳು ಬಂದರು, ಕನ್ನಡಕ ಹಾಕಿಕೊಂಡರು, ಬರೆಯಬೇಕಾದ್ದನ್ನು ಬರೆದರು, ದೀಪದ ಮಾತೇ ಎತ್ತಲಿಲ್ಲ. ದೀಪದ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸಂತೆಬೀದಿಯವನು ಊಟ ಮಾಡಿಕೊಂಡು ಹೋದ. ಮುಂದಿನ ಮದುವೆಗೆ ನನ್ನನ್ನು ಕರೆಸಿದವರು ಆ ಸೋದರತ್ತೆ. ಹೆಂಗಸರ ಕಡೆಗೂ ಸಮನಾದ ದೀಪ ಹಾಕಬೇಕೆಂದು ಮೊದಲೇ ಹೇಳಿಸಿದ್ದರು.

ನೀವು ಹಳೆಯ ಬಲ್ಬು ಕೊಳ್ಳುವುದಾದರೆ ಅದರ ಮೇಲಿನ ವ್ಯಾಟನ್ನಷ್ಟೇ ಓದಬೇಡಿ, ವೋಲ್ಟನ್ನೂ ಓದಿ. ಎರಡು ಭಾಗಾಕಾರವನ್ನೂ ಅಂಗಡಿಯಲ್ಲೇ ನಿಂತು ಮಾಡಿ. ನಾಚಿಕೆಯೇನಿಲ್ಲ, ಅಂಗಡಿಯವನಿಗೆ ಬಾರದಿದ್ದರೆ ಬೆಲೆಯನ್ನೂ ಇಳಿಸಬಹುದು. ಜೋಡಿ ಕಟ್ಟುವುದಾದರೆ ಒಂದೇ ವ್ಯಾಟಿನವನ್ನೇ ಕಟ್ಟಿ. ಹಿಂದಿನ ದಿನವೇ ಒಮ್ಮೆ ಉರಿಸಿ ನೋಡಿ. ಮತ್ತೆ, ಬಾಡಿಗೆ ಮಾತಾಡುವಾಗ ಗಂಡಸರ ಹತ್ತಿರ ಮಾತ್ರ ಮಾತಾಡಿ ಎದ್ದು ಬರಬೇಡಿ.