ಕುಂದಗೋಳನಿಗೆ ಒಂದು ನಿಮಿಷ

ವಿಲಾಯತಿಯ ಈಸ್ಟ್ ಹ್ಯಾಮ್‌ನ ಹೋಟೆಲೊಂದರಲ್ಲಿ ತಿಂಗಳ ಮೊದಲ ಭಾನುವಾರ ಸೇರುವ ಈ ಕನ್ನಡದ ಗಂಡಸರಿಗೆ ದೊಡ್ಡ ಕ್ರಿಕೆಟಿಗರ ಹೆಸರೆತ್ತಿದರೆ ಮೈಯುರಿ. ಅವರನ್ನು ಊರೆಲ್ಲ ನೆನೆಯುತ್ತದೆ ಬಿಡಿ. ಇವರಿಗೆ ಬೇಕಾದದ್ದು ರಾಜ್ಯ ತಂಡಕ್ಕೆ ಒಂದೋ ಎರಡೋ ಮ್ಯಾಚ್ ಆಡಿ ಹೇಳಹೆಸರಿಲ್ಲದೆ ಹೋದವರು. ಇಡ್ಲಿ ಬರುವಷ್ಟರಲ್ಲಿ ಯಾರಾದರೊಬ್ಬರು ಅಂಥದೊಂದು ಹೆಸರು ಹೇಳಬೇಕು, ಉಳಿದವರು ತಮಗೆ ನೆನಪಿದ್ದದ್ದನ್ನು ಸೇರಿಸಬೇಕು. ಆತ ತೀರಿಕೊಂಡಿದ್ದರೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ. ಒಮ್ಮೆ ಹೇಳಿದ ಹೆಸರನ್ನು ಮತ್ತೆ ಎತ್ತುವಂತಿಲ್ಲ.

ಸಟನ್‌ನಿಂದ ರೈಲು ಬದಲಿಸಿ ಬರುತ್ತಿದ್ದ ನಿವೃತ್ತ ಡಾಕ್ಟರ್ ವೀರಭದ್ರ ಮಾತ್ರ ಎಂದೂ ಹೆಸರು ಹೇಳಿದವರಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಏನನ್ನು ಅಂತೀರಾ? ತಮ್ಮದೇ ಹೆಸರನ್ನು! ಹೌದ್ರೀ, ಈ ಮನುಷ್ಯ ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ರಾಜ್ಯಕ್ಕೆ ಒಂದೇ ಒಂದು ಪಂದ್ಯ ಆಡಿದ್ದರು. ಆಗ ಮೈದಾನದಲ್ಲಿ ಮನೆತನದ ಅಡ್ಡಹೆಸರು ಹಿಡಿದು ‘ಕುಂದಗೋಳ’ ಅನ್ನುತ್ತಿದ್ದರು. ಇಲ್ಲಿಯ ಆಸ್ಪತ್ರೆಯವರು ‘ಡಾಕ್ಟರ್ ಭದ್ರ’ ಎಂದು ಮೊಟಕು ಮಾಡಿದರು, ಗೆಳೆಯರಿಗೂ ಅದೇ ರೂಢಿಯಾಯಿತು. ತಾನಾಗಿ ಹೇಳಿಕೊಳ್ಳುವುದು ಭಿಕ್ಷೆ ಬೇಡಿದಂತೆ ಎಂಬ ಬಿಗುಮಾನ ಅವರದು. ಸಾಯುವುದರೊಳಗೆ ಯಾರಾದರೂ ಒಮ್ಮೆ ನೆನೆದರೆ ಸಾಕು, ಅಷ್ಟೇ ಆಸೆ.

ಹೋದ ತಿಂಗಳು ಬೆಂಗಳೂರಿನ ಐಟಿಯವರಾದ ಸತ್ಯಪ್ರಕಾಶ ಒಂದು ಹೆಸರು ಎತ್ತಿದರು.

“ಈ ಸಲ ಕುಂದಗೋಳ ಕಣ್ರೀ. ನಾನಿನ್ನೂ ಚಿಕ್ಕೋನು, ನಮ್ಮ ತಂದೆ ಕರ್ಕೊಂಡು ಹೋಗಿದ್ರು. ಬೆರಳು ಮುರಿದಿತ್ತು, ಬ್ಯಾಂಡೇಜ್ ಸುತ್ಕೊಂಡು ಬಂದು ಸಾಯಂಕಾಲದವರೆಗೂ ಒಂದೇ ಕೈಲಿ ಬ್ಯಾಟ್ ಹಿಡಿದು ನಿಂತುಬಿಟ್ಟ. ಮ್ಯಾಚ್ ಉಳಿಸಿದ! ಎಂಥಾ ಗಂಡೆದೆ ಅಂತೀರಿ! ಆಮೇಲೆ ಅವನನ್ನ ಯಾರೂ ಕರೀಲೇ ಇಲ್ಲ.”

ವೀರಭದ್ರರು ಕುರ್ಚಿ ಮುಂದಕ್ಕೆಳೆದುಕೊಂಡರು. ಮುರಿದು ಸೊಟ್ಟಗಾದ ಆ ಬೆರಳು ಟೇಬಲ್ ಮೇಲೇ ಇತ್ತು, ಯಾರೂ ನೋಡಲಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಸತ್ಯಪ್ರಕಾಶ, “ಪಾಪ, ಹೋದ ವರ್ಷ ಹುಬ್ಬಳ್ಳೀಲಿ ತೀರ್ಕೊಂಡ್ರಂತೆ, ಪೇಪರ್‌ನಲ್ಲಿತ್ತು” ಎಂದು ಎದ್ದೇಬಿಟ್ಟರು. ಸತ್ತವರು ಬೇರೆ ಕುಂದಗೋಳ, ಅಂಪೈರ್ ಆಗಿದ್ದವರು. ನಮ್ಮ ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರು, ಒಂದೇ ಹೆಸರಿನವರು ಓಣಿಗೊಬ್ಬರು ಸಿಗುತ್ತಾರೆ ಎಂದು ಈ ಬೆಂಗಳೂರಿನವರಿಗೆ ಯಾರು ತಿಳಿಸಿ ಹೇಳಬೇಕು! ಕುರ್ಚಿಗಳೆಲ್ಲ ಹಿಂದೆ ಸರಿದವು. ವೀರಭದ್ರರೂ ಎದ್ದರು. ತಲೆ ತಗ್ಗಿಸಿ, ತಮ್ಮ ಸಾವಿಗೆ ತಾವೇ ಮೌನವಾಗಿ ನಿಂತರು.

ಕೂತ ಮೇಲೆ ಸತ್ಯಪ್ರಕಾಶ ಕಣ್ಣೊರೆಸಿಕೊಂಡು ಕೇಳಿದರು: “ಡಾಕ್ಟ್ರೇ, ನಿಮ್ಮ ಕಡೆಯವರಲ್ವಾ? ನೋಡಿದ್ರಾ ಅವರನ್ನ?”

“ನೋಡಿದ್ದೆರಿ,” ಎಂದರು ವೀರಭದ್ರ. “ಛಲೋ ಆಡತಿದ್ದ.”

ಮನೆಗೆ ಬಂದು ಹೇಳಿದಾಗ ಹೆಂಡತಿ ವಿಶಾಲಾಕ್ಷಿ ಕೆಂಡಾಮಂಡಲವಾದರು. “ನಾ ಇನ್ನೂ ಜೀವಂತ ಅದೀನಿ ಅನ್ನಾಕ ನಿಮಗೇನ ಧಾಡಿ ಆಗಿತ್ತು? ಮುಂದಿನ ತಿಂಗಳರ ಹೇಳ್ರಿ.”

“ಮುಗೀತು. ಒಮ್ಮೆ ಅಂದ ಹೆಸರು ಮತ್ತ ಅನ್ನೂದಿಲ್ಲ.”

“ಹಂಗಾರ ಅಲ್ಲೇ ಹೇಳಬೇಕಿತ್ತಲ್ರೀ!”

ವೀರಭದ್ರರು ಕೋಟು ಕಳಚಿ ಗೂಟಕ್ಕೆ ಹಾಕಿದರು.

“ನನ್ನ ಸಲುವಾಗಿ ಎಲ್ಲಾರೂ ಎದ್ದ ನಿಂತಿದ್ರು, ವಿಶಾಲಾ. ಕುಂಡ್ರಿ ಅಂತ ಹ್ಯಾಂಗ ಹೇಳಲಿ?”